ಮನೆಯ ಚಿತ್ರ

ಚಿತ್ರಕಲೆಯ ತಾಸಿನಲ್ಲಿ ಮಕ್ಕಳ ಕೈಗೆ ಒಂದೊಂದು ಹಾಳೆಯನ್ನಿತ್ತು ‘ನಿಮ್ಮ ನಿಮ್ಮ ಮನೆಯ ಚಿತ್ರವನ್ನು ಬರೆಯಿರಿ’ ಎಂದು ಹೇಳಿದರೆ, ಆ ಹಾಳೆಗಳ ಮೇಲೆ ಏನು ಮೂಡುವುದೆಂಬುದನ್ನು ಅವುಗಳನ್ನು ನೋಡುವ ಮೊದಲೇ ನಾವು ಹೇಳಬಲ್ಲೆವು. ಎರಡು ತ್ರಿಕೋಣದ ಗುಡ್ಡಗಳು. ಅವುಗಳ ನಡುವೆ ಅರ್ಧ ಮೂಡಿದ ಸೂರ್ಯ. ಗುಡ್ಡದ ಬುಡದಿಂದ ಹೊರಟು ಹಾಳೆಯ ಕೆಳತುದಿಯವರೆಗೆ ಅಗಲವಾಗುತ್ತ ಬರುವ ಒಂದು ಹೊಳೆ. ಅದರ ದಂಡೆಯ ಮೇಲೆ ಕೆಂಪು ಹೆಂಚಿನ ಮನೆ. ಮನೆಯ ಮಗ್ಗುಲಿಗೆ ವಾಲಿದ ತೆಂಗಿನ ಮರ. ಆಕಾಶದಲ್ಲಿ ಲೆಕ್ಕದ ಪುಸ್ತಕದ ಸರಿ ಗುರುತುಗಳಂತೆ ಹಾರುವ ನಾಲ್ಕೈದು ಹಕ್ಕಿಗಳು. ಮುಂಬಯಿಯ ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ಇಂತಹ ಮನೆಯಲ್ಲಿ ವಾಸಿಸುವವರು ಒಬ್ಬರೂ ಇಲ್ಲ. ಹತ್ತಕ್ಕೆ ಹನ್ನೆರಡು ಅಡಿಯ ಖೋಲಿ, ಅದರ ಮೂಲೆಯಲ್ಲಿ ಮೋರಿ, ಮೇಲೆ ಏಣಿ ಹತ್ತಿ ಹೋಗಬೇಕಾದ ಮಾಳಿಗೆ, ಬಾಗಿಲ ಹೊರಗೆ ನೀರಿನ ಪೀಪಾಯಿಗಳ ಸಾಲು: ಇವು ಅವರಲ್ಲಿ ಬಹುಮಂದಿಯ ಮನೆ. ಕೆಲವರು ಹೊಸದಾಗಿ ಎದ್ದ ಎತ್ತರದ ಕಟ್ಟಡಗಳಲ್ಲಿ ಹದಿನಾಲ್ಕನೆಯ ಅಂತಸ್ತಿನಲ್ಲಿಯೂ ಇದ್ದಾರೆ. ಹೊಳೆಯೂ ಗುಡ್ಡವೂ ಯಾರ ಮನೆಯ ಮುಂದೆಯೂ ಇಲ್ಲ. ಹಾಗಿದ್ದೂ ಐವತ್ತು ಹಾಳೆಗಳಲ್ಲಿ ನಾಲ್ವತ್ತೈದು ಇದೇ ಚಿತ್ರವನ್ನು ಹೊತ್ತು ಬರುತ್ತವೆ.

ನಾವು ಚಿತ್ರಕಲೆಯ ಶಿಕ್ಷಕರಲ್ಲ, ಕನ್ನಡವನ್ನು ಕಲಿಸುವವರು. ನಮ್ಮ ಪಾಲಿನ ಕೆಲಸವನ್ನು ಬಿಟ್ಟು ಈ ವಿಷಯದಲ್ಲಿ ಕೈಹಾಕಲು ಕಾರಣವಿದೆ. ಇದೇ ಹೆಂಚಿನ ಮನೆ ನಮ್ಮ ಪ್ರಬಂಧದ ತಾಸಿಗೂ ಬರುತ್ತದೆ. ‘ನನ್ನ ಊರು’ ಎಂಬ ವಿಷಯವನ್ನು ಕೊಟ್ಟರೆ, ಊರ ಮಧ್ಯದಲ್ಲಿ ದೇವಸ್ಥಾನ, ಅದರ ಮುಂದೆ ಅರಳಿಕಟ್ಟೆ, ಪಕ್ಕದಲ್ಲಿ ಸಿಹಿನೀರಿನ ಬಾವಿ, ಜನರೆಲ್ಲ ಸ್ನೇಹದಿಂದ ಇರುವರು ಎಂಬಲ್ಲಿಗೆ ಪ್ರಬಂಧವು ಮುಗಿದುಹೋಗುತ್ತದೆ. ಧಾರಾವಿಯಲ್ಲಿ ಹುಟ್ಟಿ ಧಾರಾವಿಯಲ್ಲೇ ಬೆಳೆದ ಹುಡುಗನು ಅರಳಿಕಟ್ಟೆಯ ತಂಗಾಳಿಯನ್ನು ವರ್ಣಿಸುತ್ತಾನೆ. ತಾನು ದಿನವೂ ದಾಟುವ ರೈಲಿನ ಸೇತುವೆಯ ಬಗ್ಗೆ ಒಂದು ಸಾಲನ್ನೂ ಬರೆಯುವುದಿಲ್ಲ. ಅವನಿಗೆ ಬರೆಯಲು ಬರುವುದಿಲ್ಲವೆಂದಲ್ಲ. ಸೇತುವೆಯು ಬರೆಯತಕ್ಕ ವಸ್ತುವೆಂದು ಅವನಿಗೆ ಯಾರೂ ಹೇಳಿಲ್ಲ. ಕಣ್ಣು ಒಂದನ್ನು ನೋಡುತ್ತಿರುವಾಗ ಕೈಯು ಮತ್ತೊಂದನ್ನು ಬರೆಯುವ ಈ ಅಭ್ಯಾಸವು ಭಾಷೆಗೆ ಹಾಕುವ ಪೆಟ್ಟನ್ನು ಬಲ್ಲೆವಾದುದರಿಂದ, ಚಿತ್ರದ ವಿಷಯದಲ್ಲಿಯೂ ನಾಲ್ಕು ಮಾತನ್ನು ಹೇಳುವ ಧೈರ್ಯಮಾಡಿದ್ದೇವೆ.

ಈ ಪ್ರಶ್ನೆ ಎದ್ದಾಗಲೆಲ್ಲ ನಮ್ಮವರಲ್ಲಿ ಎರಡು ಪಂಗಡಗಳಾಗುವುದುಂಟು. ಹೆಂಚಿನ ಮನೆಯೇ ಇರಲಿ, ಅದೇ ನಮ್ಮ ಸಂಸ್ಕೃತಿ, ಪರನಾಡಿನಲ್ಲಿ ಬೆಳೆಯುವ ಮಕ್ಕಳು ಚಿತ್ರದಲ್ಲಾದರೂ ತಮ್ಮ ನಾಡನ್ನು ಕಾಣಲಿ ಎನ್ನುವರು ಒಂದು ಕಡೆಯವರು. ಊರಿನ ಹಂಬಲವನ್ನು ಇನ್ನೆಷ್ಟು ದಿನ ಹೊತ್ತು ತಿರುಗುವುದು, ಮಕ್ಕಳು ಹುಟ್ಟಿದುದು ಇಲ್ಲಿ, ಬಾಳುವುದು ಇಲ್ಲಿ, ಇಲ್ಲಿಯದನ್ನೇ ಬರೆಯಲಿ ಎನ್ನುವರು ಇನ್ನೊಂದು ಕಡೆಯವರು. ನವೆಂಬರ್ ತಿಂಗಳಲ್ಲಿ ಮೊದಲನೆಯವರ ಧ್ವನಿಯು ದೊಡ್ಡದಾಗಿರುತ್ತದೆ. ಜೂನ್ ತಿಂಗಳಲ್ಲಿ, ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸುವ ಕಾಲಕ್ಕೆ, ಎರಡನೆಯವರದು. (ಕೆಲವು ಮಹನೀಯರು ಎರಡೂ ತಿಂಗಳಲ್ಲಿ ಎರಡೂ ಕಡೆ ಇರುವರೆಂಬುದನ್ನೂ ನೋಡಿದ್ದೇವೆ.) ಈ ವಾದವು ಮಾತಿನಲ್ಲಿ ತೀರುವಂತಹುದಲ್ಲ. ಆದುದರಿಂದ ಮನೆಯೆಂದರೇನೆಂಬ ಪ್ರಶ್ನೆಯನ್ನು ಕುಂಚದಿಂದಲೇ ಕೇಳಿದ ಇಬ್ಬರು ತರುಣರ ಕಡೆಗೆ ಓದುಗರ ಗಮನವನ್ನು ಸೆಳೆಯುತ್ತೇವೆ. ಇಬ್ಬರೂ ಈಗ ಇಲ್ಲ. ಇಬ್ಬರ ಕೆಲಸವೂ ನಮ್ಮ ಮುಂದೆ ಇದೆ.

ಮೊದಲನೆಯವಳು ಅಮೃತಾ ಶೇರ್‌ಗಿಲ್. ಆಕೆ ಹುಟ್ಟಿದುದು 1913ರಲ್ಲಿ, ಹಂಗೇರಿ ದೇಶದ ಬುಡಾಪೆಸ್ಟ್ ನಗರದಲ್ಲಿ. ತಂದೆ ಪಂಜಾಬದ ಸಿಖ್ ಮನೆತನದ ಉಮ್ರಾವ್ ಸಿಂಗರು. ತಾಯಿ ಹಂಗೇರಿಯವಳು, ಸಂಗೀತವನ್ನು ಬಲ್ಲವಳು. ಎಂಟು ವರ್ಷದ ಹುಡುಗಿಯಾಗಿದ್ದಾಗ, 1921ರಲ್ಲಿ, ಸಂಸಾರವು ಭಾರತಕ್ಕೆ ಬಂದು ಸಿಮ್ಲಾದಲ್ಲಿ ನೆಲೆಸಿತು. ಹದಿನಾರನೆಯ ವಯಸ್ಸಿನಲ್ಲಿ, 1929ರಲ್ಲಿ, ಚಿತ್ರಕಲೆಯನ್ನು ಕಲಿಯಲೆಂದು ಆಕೆ ಪ್ಯಾರಿಸಿಗೆ ಹೋದಳು. ಹುಟ್ಟಿದ್ದು ಒಂದು ದೇಶ, ತಂದೆಯದೊಂದು, ಓದಿದ್ದು ಮತ್ತೊಂದು. ನಿನ್ನ ಮನೆಯ ಚಿತ್ರವನ್ನು ಬರೆ ಎಂದು ಯಾರಾದರೂ ಹೇಳಿದ್ದರೆ ಈ ಹುಡುಗಿ ಯಾವುದನ್ನು ಬರೆಯಬೇಕಾಗಿತ್ತು?

ಪ್ಯಾರಿಸಿನಲ್ಲಿ ಆಕೆಗೆ ಬೇಗನೆ ಹೆಸರು ಬಂತು. 1932ರಲ್ಲಿ ಬರೆದ ಇಬ್ಬರು ತರುಣಿಯರ ಒಂದು ಚಿತ್ರಕ್ಕೆ ಮರುವರ್ಷ ಅಲ್ಲಿಯ ದೊಡ್ಡ ಪ್ರದರ್ಶನದಲ್ಲಿ ಚಿನ್ನದ ಪದಕವು ದೊರೆಯಿತು. ಇಪ್ಪತ್ತರ ವಯಸ್ಸಿನಲ್ಲಿಯೇ ಆ ಸಂಸ್ಥೆಯ ಸದಸ್ಯತ್ವದ ಗೌರವವೂ ಬಂತು. ಇನ್ನೊಬ್ಬರಾಗಿದ್ದರೆ ಅಲ್ಲಿಯೇ ಉಳಿದು ಸುಖವಾಗಿರುತ್ತಿದ್ದರು. ಆದರೆ ಆಕೆಯ ಗುರುಗಳೇ, ನಿನ್ನ ಬಣ್ಣಗಳ ಸಂಪತ್ತನ್ನು ನೋಡಿದರೆ ಪಶ್ಚಿಮದ ಈ ಬೂದುಬಣ್ಣದ ಚಿತ್ರಶಾಲೆಗಳು ನಿನ್ನ ಸ್ಥಳವಲ್ಲವೆಂದು ತೋರುತ್ತದೆ ಎಂಬರ್ಥದ ಮಾತನ್ನು ಆಡುತ್ತಿದ್ದರಂತೆ. 1934ರಲ್ಲಿ ಆಕೆ ಬರೆದ ಒಂದು ಚಿತ್ರವಂತೂ ವಿಚಿತ್ರವಾದುದು. ಅದರಲ್ಲಿ ಆಕೆ ತನ್ನನ್ನೇ ತಾಹಿತಿ ದ್ವೀಪದ ಹೆಣ್ಣಿನಂತೆ ಬರೆದುಕೊಂಡಿದ್ದಾಳೆ. ಫ್ರಾನ್ಸಿನ ಗೋಗ್ಯಾಂ ಎಂಬ ಚಿತ್ರಕಾರನು ಆ ದ್ವೀಪದ ಹೆಂಗಸರನ್ನು ಬರೆದು ಪ್ರಖ್ಯಾತನಾಗಿದ್ದನು. ಪ್ಯಾರಿಸಿನಲ್ಲಿ ಕುಳಿತ ಹಿಂದೂಸ್ಥಾನದ ಹುಡುಗಿಯು, ಫ್ರೆಂಚ್ ಚಿತ್ರಕಾರನ ಕಣ್ಣಿನಿಂದ, ತಾನೆಂದೂ ಕಾಣದ ದ್ವೀಪದವಳಾಗಿ ತನ್ನನ್ನು ಕಾಣಲು ಯತ್ನಿಸಿದಳು! ನಮ್ಮ ಮಕ್ಕಳ ಹೆಂಚಿನ ಮನೆಗೂ ಇದಕ್ಕೂ ಅಂತರ ಬಹಳವಿದೆ ನಿಜ. ಆದರೆ ತನ್ನ ಮನೆ ಯಾವುದೆಂದು ಗೊತ್ತಾಗದವರು ಮೊದಲು ಇನ್ನೊಬ್ಬರ ಮನೆಯನ್ನು ಹೊಕ್ಕು ನೋಡುವರೆಂಬುದು ಎರಡರಲ್ಲಿಯೂ ಇದೆ.

ಅದೇ ವರ್ಷದ ಕೊನೆಯಲ್ಲಿ ಆಕೆ ಭಾರತಕ್ಕೆ ಮರಳಿದಳು. ಮರಳಿದೊಡನೆ ಮನೆಯು ಬಾಗಿಲು ತೆರೆದು ನಿಂತಿತೆಂದು ಯಾರೂ ತಿಳಿಯಬಾರದು. 1935ರಲ್ಲಿ ಸಿಮ್ಲಾದ ಒಂದು ಕಲಾಸಂಸ್ಥೆಯವರು ಆಕೆ ಕಳುಹಿಸಿದ ಕೆಲವು ಚಿತ್ರಗಳನ್ನು ಬೇಡವೆಂದು ತಿರಸ್ಕರಿಸಿ ಬೇರೊಂದಕ್ಕೆ ಬಹುಮಾನವನ್ನು ಕೊಟ್ಟರು. ಆಕೆ ಆ ಬಹುಮಾನವನ್ನು ಹಿಂದಿರುಗಿಸಿಬಿಟ್ಟಳು. ಆ ಕಾಲದಲ್ಲಿ ಭಾರತದ ದೃಶ್ಯಗಳೆಂದರೆ ಬಿಸಿಲು, ಬಣ್ಣದ ಮುಂಡಾಸು, ನಗುವ ಬೀದಿ ಎಂಬ ಕಲ್ಪನೆಯಿತ್ತು. ಆಕೆ ಬರೆದ ಬೆಟ್ಟದ ಜನರು ನಗುತ್ತಿರಲಿಲ್ಲ. ಮೈತುಂಬ ಕಂಬಳಿಯನ್ನು ಹೊದ್ದು, ತೆಳ್ಳಗೆ, ಮೌನವಾಗಿ, ಯಾವುದಕ್ಕೋ ಕಾಯುತ್ತಿರುವಂತೆ ನಿಂತಿರುವ ಜನ ಅವರು. 1936ರ ಕೊನೆಯಲ್ಲಿ ಆಕೆ ಅಜಂತೆಯನ್ನು ಕಂಡಳು. 1937ರಲ್ಲಿ, ಇದೇ ನಮ್ಮ ಮುಂಬಯಿಯಲ್ಲಿ, ಬಾಂಬೆ ಆರ್ಟ್ ಸೊಸೈಟಿಯ ವಾರ್ಷಿಕ ಪ್ರದರ್ಶನದಲ್ಲಿ ಆಕೆಯ ಮೂವರು ಹುಡುಗಿಯರ ಚಿತ್ರಕ್ಕೆ ಚಿನ್ನದ ಪದಕ ಬಂತು. ಆ ಪ್ರವಾಸದಲ್ಲಿಯೇ ಆಕೆ ದಕ್ಷಿಣಕ್ಕೆ ಹೋಗಿ ತಿರುವನಂತಪುರ, ಕನ್ಯಾಕುಮಾರಿ, ಕೊಚ್ಚಿಗಳನ್ನು ನೋಡಿ, ಹಿಂದಿರುಗಿ ಸಿಮ್ಲಾದಲ್ಲಿ ಕುಳಿತು ಮೂರು ದೊಡ್ಡ ಚಿತ್ರಗಳನ್ನು ಬರೆದಳು: ಶೃಂಗಾರಗೊಳ್ಳುವ ವಧು, ಬ್ರಹ್ಮಚಾರಿಗಳು, ಸಂತೆಗೆ ಹೋಗುವ ದಕ್ಷಿಣದ ಹಳ್ಳಿಗರು. ಅಜಂತೆಯ ಗೋಡೆಗಳ ಮಣ್ಣುಗೆಂಪು ಆ ಚಿತ್ರಗಳಿಗೆ ಇಳಿದಿದೆ.

ಆಕೆಯನ್ನು ಹೊಗಳುವ ಭರದಲ್ಲಿ ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಅಮೃತಾ ಶ್ರೀಮಂತರ ಮನೆಯ ಮಗಳು. ಆಕೆ ಬರೆದ ಬಡವರು ಆಕೆಯ ನೆಂಟರಲ್ಲ. ಅನೇಕ ಸಲ ಮನೆಯಲ್ಲಿ ಕೆಲಸಕ್ಕಿದ್ದವರು, ಸುತ್ತಮುತ್ತಲಿನ ಹಳ್ಳಿಯವರು. ಅವರ ದುಃಖವು ಆಕೆಗೆ ಒಂದು ರೂಪವಾಗಿ, ಒಂದು ಬಣ್ಣವಾಗಿ ಕಂಡಿತೆ ಹೊರತು ಒಳಗಿನಿಂದ ತಿಳಿಯಲಿಲ್ಲವೆಂದು ಆಕ್ಷೇಪಿಸುವವರು ಇದ್ದಾರೆ. ಆಕ್ಷೇಪವು ಪೂರ್ಣವಾಗಿ ಸುಳ್ಳೆಂದು ನಮಗೆ ತೋರುವುದಿಲ್ಲ. ಆದರೆ ಮುಂದಿನ ವರ್ಷಗಳ ಚಿತ್ರಗಳನ್ನು ನೋಡಿದರೆ ಆಕೆ ಹತ್ತಿರ ಹತ್ತಿರ ಬರುತ್ತಿದ್ದುದು ಕಾಣುತ್ತದೆ. ಮದುವೆಯಾದ ಮೇಲೆ ಗೋರಖಪುರದ ಬಳಿಯ ಸರಾಯಾ ಎಂಬ ಹಳ್ಳಿಯಲ್ಲಿದ್ದಾಗ ಬರೆದವುಗಳಲ್ಲಿ ಅರಸಿನವನ್ನು ಅರೆಯುವ ಹೆಂಗಸರಿದ್ದಾರೆ, ಮಂಚದ ಮೇಲೆ ಒರಗಿದ ಹೆಂಗಸಿದ್ದಾಳೆ, ಕಥೆ ಹೇಳುವ ಮುದುಕನಿದ್ದಾನೆ. ಚಿತ್ರದ ಅಳತೆಯೂ ಚಿಕ್ಕದಾಯಿತು. ಅಂಗಳದಲ್ಲಿ ನಡೆಯುವುದೇ ವಸ್ತುವಾಯಿತು. 1941ರಲ್ಲಿ ದಂಪತಿಗಳು ಲಾಹೋರಿಗೆ ಹೋದರು. ಆ ಡಿಸೆಂಬರ್ 5ರಂದು, ಕೇವಲ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಕೆಲವೇ ದಿನಗಳ ಕಾಯಿಲೆಯಿಂದ ಆಕೆ ತೀರಿಕೊಂಡಳು. ಆಗ ಒಂದು ಚಿತ್ರವು ಅರ್ಧಕ್ಕೆ ನಿಂತಿತ್ತು. ಅದರಲ್ಲಿ ಅಜಂತೆಯಿಲ್ಲ, ವಧುವಿಲ್ಲ, ಬ್ರಹ್ಮಚಾರಿಗಳಿಲ್ಲ. ತಾನಿದ್ದ ಮನೆಯ ಮೇಲಿನಿಂದ ಕಾಣುವ ನೆರೆಯ ಮನೆಗಳ ಗೋಡೆಗಳು, ಕೆಳಗೆ ಕಪ್ಪು ಎಮ್ಮೆಗಳು, ಅಷ್ಟೇ.

ಮೂರು ದೇಶಗಳನ್ನು ಸುತ್ತಿದ ಹುಡುಗಿಯು ಕೊನೆಯದಾಗಿ ಕುಂಚವನ್ನೆತ್ತಿದುದು ನೆರೆಮನೆಯ ಎಮ್ಮೆಗಳಿಗಾಗಿ ಎಂಬುದನ್ನು ನೆನೆದಾಗಲೆಲ್ಲ ನಮಗೆ ನಮ್ಮ ಮಕ್ಕಳ ಹಾಳೆಗಳ ನೆನಪಾಗುತ್ತದೆ. ನಾಲ್ಕು ಹೆಜ್ಜೆ ನಡೆದರೆ ಗೋರೆಗಾಂವಿನಲ್ಲಿ ಎಮ್ಮೆಯ ತಬೇಲೆಯನ್ನು ಕಾಣುವ ಮಗುವಿದೆ. ಅದರ ಹಾಳೆಯ ಮೇಲೆ ಒಂದು ಎಮ್ಮೆಯೂ ಬಂದಿಲ್ಲ.

ಎರಡನೆಯವರು ನಮಗೆ ಇನ್ನೂ ಹತ್ತಿರದವರು. ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು 1911ರಲ್ಲಿ ಉಡುಪಿಯ ಸಮೀಪದ ಕಟ್ಟಿಂಗೇರಿ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಕರಾವಳಿಯ ಸಾವಿರಾರು ಮಂದಿ ಯಾವ ದಾರಿಯನ್ನು ಹಿಡಿದು ಈ ನಗರಕ್ಕೆ ಬಂದರೋ ಅದೇ ದಾರಿಯಲ್ಲಿ ಅವರೂ ಬಂದರು. ಬಂದವರಲ್ಲಿ ಬಹುಮಂದಿ ಖಾನಾವಳಿ, ಹೋಟೆಲುಗಳ ಒಲೆಯ ಮುಂದೆ ನಿಂತರು. ಹೆಬ್ಬಾರರು ಸರ್ ಜೆ. ಜೆ. ಕಲಾಶಾಲೆಯನ್ನು ಸೇರಿ 1938ರಲ್ಲಿ ಡಿಪ್ಲೊಮಾ ಪಡೆದರು. ಮುಂದೆ ಕೆಲವು ವರ್ಷ ಅಲ್ಲಿಯೇ ಅಧ್ಯಾಪಕರಾಗಿದ್ದರು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂದವು. 1996ರಲ್ಲಿ ಇದೇ ಮುಂಬಯಿಯಲ್ಲಿ ತೀರಿಕೊಂಡರು. ಇವೆಲ್ಲ ನಮ್ಮ ಸಂಘಗಳ ಭಾಷಣಗಳಲ್ಲಿ ಕೇಳಿಬರುವ ಸಂಗತಿಗಳೇ. ‘ನಮ್ಮ ಹೆಬ್ಬಾರರು’ ಎಂದು ಹೆಮ್ಮೆಪಡುವವರಿಗೆ ಕೊರತೆಯಿಲ್ಲ. ಅವರ ಒಂದು ಚಿತ್ರದ ಮುಂದೆ ಐದು ನಿಮಿಷ ನಿಂತವರನ್ನು ಮಾತ್ರ ಹುಡುಕಬೇಕಾಗುತ್ತದೆ.

ಆ ತರುಣನ ಕಷ್ಟವೇನಿತ್ತೆಂಬುದು ನಮಗೆ ಮುಖ್ಯವಾದುದು. ಕಲಾಶಾಲೆಯಲ್ಲಿ ಆಗ ಕಲಿಸುತ್ತಿದ್ದುದು ಪಾಶ್ಚಾತ್ಯ ರೀತಿಯ ರೂಪಚಿತ್ರಣ: ಕಂಡ ವಸ್ತುವನ್ನು ನೆರಳು ಬೆಳಕುಗಳ ಅಳತೆಯಲ್ಲಿ ಯಥಾವತ್ತಾಗಿ ಇಳಿಸುವುದು. ಅದರಲ್ಲಿ ಅವರು ನಿಪುಣರೇ ಆದರು. ಆದರೆ ಕಟ್ಟಿಂಗೇರಿಯ ಬಿಸಿಲೂ ಕೆಮ್ಮಣ್ಣೂ ಆ ಅಳತೆಯೊಳಗೆ ಕೂಡಲಿಲ್ಲ. ಆಗ ಅವರು ಅಜಂತೆಯ ಕಡೆ ನೋಡಿದರು, ಜೈನರ ಹಸ್ತಪ್ರತಿಗಳ ಚಿತ್ರಗಳನ್ನು, ರಜಪೂತರ ಮತ್ತು ಮೊಗಲರ ಕಿರುಚಿತ್ರಗಳನ್ನು ನೋಡಿದರು, ಗೋಗ್ಯಾಂನನ್ನು ನೋಡಿದರು, ಮೇಲೆ ಹೇಳಿದ ಅಮೃತಾ ಶೇರ್‌ಗಿಲ್ಲಳ ಚಿತ್ರಗಳನ್ನೂ ನೋಡಿದರು. ಹಂಗೇರಿಯಲ್ಲಿ ಹುಟ್ಟಿದ ಪಂಜಾಬದ ಹುಡುಗಿಯೊಬ್ಬಳು ಉಡುಪಿಯ ಹುಡುಗನಿಗೆ ತೆಂಕಣದ ನೆಲವನ್ನು ಬಣ್ಣದಲ್ಲಿ ಹೇಗೆ ಹಿಡಿಯಬಹುದೆಂಬ ದಾರಿಯನ್ನು ತೋರಿದಳೆಂದರೆ, ಸಂಸ್ಕೃತಿಯು ಊರ ಗಡಿಯ ಕಲ್ಲಿನೊಳಗೆ ಬೆಳೆಯುವುದೆಂದು ವಾದಿಸುವವರು ಏನು ಹೇಳುವರೋ ತಿಳಿಯದು. 1940ರ ದಶಕದಲ್ಲಿ ಹೆಬ್ಬಾರರು ಮಲಬಾರದ ಕಡೆ ಸಂಚರಿಸಿದರು. ಆ ಕಾಲದ ಚಿತ್ರಗಳಲ್ಲಿ ಬಣ್ಣವು ಒಮ್ಮೆಲೇ ಬಿಸಿಯಾಯಿತು. 1949–50ರಲ್ಲಿ ಪ್ಯಾರಿಸಿಗೆ ಹೋಗಿ ಅಲ್ಲಿಯ ಅಕಾದಮಿ ಜೂಲಿಯಾಂನಲ್ಲಿ ಕಲಿತು ಬಂದರು. ರೇಖೆಗೆ ಲಯ ಬರಬೇಕೆಂದು ಗುರುಗಳ ಬಳಿ ಕಥಕ್ ನೃತ್ಯವನ್ನೂ ಅಭ್ಯಾಸಮಾಡಿದರು. ಬೆಳೆದ ಗಂಡಸು, ಹೆಸರು ಬಂದ ಚಿತ್ರಕಾರ, ಗೆಜ್ಜೆ ಕಟ್ಟಿಕೊಂಡು ತಾಳಕ್ಕೆ ಹೆಜ್ಜೆ ಹಾಕುವುದನ್ನು ನೆನೆದರೆ ನಮಗೆ ಬಹಳ ಸಂತೋಷವಾಗುತ್ತದೆ.

ಹೀಗೆ ಸುತ್ತಿ ಬಂದ ಆ ಕೈಯಿಂದ ಹೊರಟುದು ಏನು? ಕೋಳಿಯಂಕ, ನಾಗಮಂಡಲ, ಸಂತೆ, ಜಾತ್ರೆ. ಬಾಲ್ಯದಲ್ಲಿ ತುಳುನಾಡಿನಲ್ಲಿ ಕಂಡವು. ಆದರೆ ಅವು ಕ್ಯಾಲೆಂಡರಿನ ಚಿತ್ರಗಳಾಗಲಿಲ್ಲ. ನಾಗಮಂಡಲವನ್ನು ಕಂಡವರಿಗೆ ಆ ಮಂಡಲದ ಸುತ್ತು, ದೀಪ, ಡಕ್ಕೆಯ ಸದ್ದು, ರಾತ್ರಿಯ ಬೆವರು ಇವೆಲ್ಲ ಗೊತ್ತು. ಕಣ್ಣಿಗೆ ಕಂಡುದನ್ನು ಹಾಗೆಯೇ ಬರೆದರೆ ಸದ್ದೂ ಬೆವರೂ ಬರಲಾರವು. ಅವು ಬರಬೇಕಾದರೆ ಆ ರಾತ್ರಿಯಿಂದ ದೂರ ಬಂದು, ಹಲವು ವರ್ಷ ಅದನ್ನು ಒಳಗೇ ಇಟ್ಟುಕೊಂಡಿರಬೇಕಾಗುತ್ತದೆಯೇನೋ. ಕಟ್ಟಿಂಗೇರಿಯಲ್ಲಿಯೇ ಉಳಿದಿದ್ದರೆ ಹೆಬ್ಬಾರರು ಕಟ್ಟಿಂಗೇರಿಯನ್ನು ಹೀಗೆ ಬರೆಯುತ್ತಿದ್ದರೆಂದು ನಮಗೆ ತೋರುವುದಿಲ್ಲ. ಜತೆಗೆ ಅವರು ಈ ನಗರವನ್ನೂ ಬಿಡಲಿಲ್ಲ. ಹಸಿದವರನ್ನು ಬರೆದರು, ಭಿಕ್ಷುಕರನ್ನು ಬರೆದರು, ದುಡಿಯುವವರನ್ನು ಬರೆದರು. ಊರನ್ನು ಬರೆದವನು ನಗರಕ್ಕೆ ದ್ರೋಹಿಯಾಗಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇಲ್ಲಿಯವರೆಗೆ ದೊಡ್ಡವರ ಮಾತಾಯಿತು. ಇನ್ನು ನಮ್ಮ ನಡುವಿನ ಒಂದು ಸಂಗತಿ. ಎರಡು ವರ್ಷಗಳ ಕೆಳಗೆ ನಗರದ ಒಂದು ಸಂಸ್ಥೆಯವರು ಶಾಲೆಗಳ ನಡುವೆ ಚಿತ್ರಸ್ಪರ್ಧೆಯನ್ನು ಏರ್ಪಡಿಸಿದ್ದರು. ವಿಷಯವು ‘ನನ್ನ ಮನೆ’. ನಮ್ಮ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಾನಿರುವ ಕಟ್ಟಡದ ಉದ್ದನೆಯ ಗ್ಯಾಲರಿಯನ್ನು ಬರೆದಳು. ಬೆಳಗಿನ ನಾಲ್ಕೂವರೆ ಗಂಟೆ, ಒಂದೇ ಹಳದಿ ದೀಪ, ನೀಲಿ ಪೀಪಾಯಿಗಳ ಸಾಲು, ನಲ್ಲಿಗೆ ನೀರು ಬರುವುದನ್ನು ಕಾಯುತ್ತ ಮೊಣಕಾಲಿನ ಮೇಲೆ ಗದ್ದವನ್ನಿಟ್ಟು ಕುಳಿತ ತಾಯಿ. ತಾಯಿಯ ಸೀರೆಯು ಇಳಕಲ್ಲಿನದೆಂದು ಸೆರಗಿನ ಕೆಂಪಿನಿಂದಲೇ ಗೊತ್ತಾಗುತ್ತಿತ್ತು. ಪೀಪಾಯಿಗಳು ನೆಟ್ಟಗಿರಲಿಲ್ಲ, ದೀಪದ ಕಂಬಿಯು ಗೋಡೆಯನ್ನು ಬಿಟ್ಟು ಗಾಳಿಯಲ್ಲಿ ನೇತಾಡುತ್ತಿತ್ತು. ಆದರೂ ಆ ಹಾಳೆಯನ್ನು ಕೈಯಲ್ಲಿ ಹಿಡಿದವರಿಗೆ ಅದು ನಿದ್ದೆಗೆಟ್ಟ ಹೊತ್ತೆಂದು ತಿಳಿಯದೆ ಇರುವಂತಿರಲಿಲ್ಲ. ತೀರ್ಪುಗಾರರೊಬ್ಬರು ‘ಇದರಲ್ಲಿ ಮನೆ ಎಲ್ಲಿದೆ?’ ಎಂದು ಕೇಳಿದರು. ಬಹುಮಾನವು ತೆಂಗಿನ ಮರಕ್ಕೆ ಹೋಯಿತು.

ಬಹುಮಾನದ ಮಾತು ಬಿಡೋಣ. ಅದನ್ನು ಶಾಲೆಯ ಗೋಡೆಯ ಮೇಲೆ ತೂಗಹಾಕಬೇಕೆಂದು ನಾವು ಬಯಸಿದೆವು. ಆಗ ಹುಡುಗಿಯ ತಂದೆಯು ಶಾಲೆಗೆ ಬಂದರು. ಕಟ್ಟಡದ ಕೆಲಸದ ಗವಂಡಿ, ಕಲಬುರಗಿಯ ಕಡೆಯವರು. ‘ನಮ್ಮ ಬಡತಾನ ಗ್ವಾಡಿಗೆ ಯಾಕ ತೂಗ ಹಾಕ್ತೀರಿ, ಸರ?’ ಎಂದು ಅವರು ಕೇಳಿದರು. ಸಿಟ್ಟಿನಿಂದ ಕೇಳಲಿಲ್ಲ. ಕಿಸೆಯಿಂದ ಮೊಬೈಲನ್ನು ತೆಗೆದು ಊರಿನ ಮನೆಯ ಚಿತ್ರವನ್ನು ತೋರಿಸಿದರು: ಶಹಾಬಾದಿ ಕಲ್ಲಿನ ಎರಡು ಅಂಕಣದ ಮನೆ, ಬಾಗಿಲಿಗೆ ಬೀಗ. ಹತ್ತು ವರ್ಷ ದುಡಿದು ಅದನ್ನು ಕಟ್ಟಿಸಿದ್ದರು. ಅವರ ಪಾಲಿಗೆ ಮನೆಯೆಂದರೆ ಅದು. ಗ್ಯಾಲರಿಯು ದಾರಿಯ ನಡುವಿನ ತಂಗುದಾಣ. ಮಗಳು ಆ ಕಲ್ಲಿನ ಮನೆಯಲ್ಲಿ ಒಟ್ಟು ಒಂದು ತಿಂಗಳು ಕೂಡ ಮಲಗಿದವಳಲ್ಲ. ಒಂದೇ ಖೋಲಿಯಲ್ಲಿ, ಒಂದೇ ಒಲೆಯ ಊಟವನ್ನು ಉಣ್ಣುವ ತಂದೆಗೊಂದು ಮನೆ, ಮಗಳಿಗೊಂದು ಮನೆ!

ಯಾರ ಮಾತು ಸರಿ? ಇಬ್ಬರದೂ ಸರಿಯೆಂದು ಹೇಳಿ ಜಾರಿಕೊಳ್ಳುವುದು ಸುಲಭ. ಆದರೆ ಚಿತ್ರವನ್ನು ತೂಗಹಾಕಬೇಕೇ ಬೇಡವೇ ಎಂಬುದನ್ನು ಆ ದಿನವೇ ನಿರ್ಧರಿಸಬೇಕಾಗಿತ್ತು. ನಮ್ಮ ಮತವು ಇಷ್ಟು: ಬರೆಯುವ ಹಕ್ಕು ಮಗಳದು, ಅದನ್ನು ಕಸಿಯಲು ತಂದೆಗೂ ಅಧಿಕಾರವಿಲ್ಲ, ತೀರ್ಪುಗಾರರಿಗೂ ಇಲ್ಲ. ಆದರೆ ಒಂದು ಮನೆಯ ಒಳಗನ್ನು ನಾಲ್ಕು ಜನರ ಮುಂದೆ ತೆರೆದಿಡುವಾಗ ಆ ಮನೆಯವರ ಒಪ್ಪಿಗೆಯನ್ನು ಕೇಳಬೇಕು. ಬಡವರ ಬಾಳನ್ನು ಕಂಡು ಸುಂದರವಾಗಿದೆ ಎಂದು ಹೊರಗಿನವರು ತಲೆದೂಗುವಾಗ ಬಡವರಿಗೆ ಆಗುವ ಸಂಕಟವನ್ನು ನಾವು ಅರಿಯಬೇಕು. ಅಮೃತಾಳ ಚಿತ್ರಗಳಿಗೆ ಬಂದ ಆಕ್ಷೇಪದ ಬೇರೂ ಇದೇ ಅಲ್ಲವೆ? ಚಿತ್ರವನ್ನು ತೂಗಹಾಕಲಿಲ್ಲ. ಅದನ್ನು ಹುಡುಗಿಗೇ ಹಿಂದಿರುಗಿಸಿ, ಊರಿನ ಕಲ್ಲಿನ ಮನೆಯನ್ನೂ ಬರೆ ಎಂದು ಹೇಳಿದೆವು. ಕೆಲವು ದಿನಗಳ ಮೇಲೆ ಆಕೆ ಬರೆದು ತಂದಳು. ಕಲ್ಲಿನ ಗೋಡೆ, ಕಿಟಕಿ, ಬೇವಿನ ಮರ ಎಲ್ಲವೂ ಅಚ್ಚುಕಟ್ಟಾಗಿದ್ದವು. ಬೀಗವನ್ನು ಮಾತ್ರ ಬಾಗಿಲಿನ ಅರ್ಧದಷ್ಟು ದೊಡ್ಡದಾಗಿ ಬರೆದಿದ್ದಳು. ಅದನ್ನು ತೂಗಹಾಕಲು ತಂದೆಯು ಒಪ್ಪಿದರು. ಬೀಗವು ಏಕೆ ಅಷ್ಟು ದೊಡ್ಡದೆಂದು ಅವರು ಕೇಳಲಿಲ್ಲ, ನಾವೂ ಕೇಳಲಿಲ್ಲ.

ಸಂಸ್ಕೃತಿಯ ಹೆಸರಿನಲ್ಲಿ ನಡೆಯುವ ಇನ್ನೊಂದು ನಕಲಿನ ಬಗ್ಗೆಯೂ ಹೇಳಬೇಕು. ಈಗ ಶಾಲೆಗಳಲ್ಲಿ ವಾರಲಿ ಚಿತ್ರಗಳ ಭರಾಟೆಯಿದೆ. ಎರಡು ತ್ರಿಕೋಣಗಳನ್ನು ತುದಿಗೆ ತುದಿ ಕೂಡಿಸಿ, ಕೈಕಾಲಿಗೆ ಗೆರೆಗಳನ್ನು ಎಳೆದು, ‘ವಾರಲಿ’ ಎಂದು ಹೆಸರಿಟ್ಟು ಅಂಗಡಿಯ ಕಾಗದದ ಚೀಲದಿಂದ ಇಳಿಸಿಕೊಳ್ಳುವರು. ಮುಂಬಯಿಯಿಂದ ಕೆಲವು ತಾಸಿನ ದಾರಿಯಲ್ಲಿ, ಪಾಲಘರ, ಡಹಾಣೂಗಳ ಕಡೆ, ಆ ಜನರ ಮದುವೆಯಲ್ಲಿ ಹೆಂಗಸರು ಮಣ್ಣಿನ ಗೋಡೆಯ ಮೇಲೆ ಅಕ್ಕಿಯ ಹಿಟ್ಟಿನಿಂದ ಚೌಕವನ್ನು ಬರೆಯುವರು. ಆ ಚೌಕವಿಲ್ಲದೆ ಮದುವೆಯಿಲ್ಲ. ಜಿವ್ಯಾ ಸೋಮಾ ಮಶೆಯವರು ಆ ಗೋಡೆಯ ಕಲೆಯನ್ನು ಕಾಗದಕ್ಕೂ ಬಟ್ಟೆಗೂ ತಂದು ದಿನನಿತ್ಯದ ಸಾಧನೆಯನ್ನಾಗಿ ಮಾಡಿಕೊಂಡರು, 2011ರಲ್ಲಿ ಪದ್ಮಶ್ರೀ ಪಡೆದರು, 2018ರಲ್ಲಿ ತೀರಿಕೊಂಡರು. ಅವರು ಬರೆದುದು ಅವರ ಹೊಲ, ಅವರ ಮೀನಿನ ಬಲೆ, ಅವರ ಇರುವೆಯ ಸಾಲು. ನಮ್ಮ ಮಗುವು ಚೀಲದಿಂದ ಇಳಿಸಿಕೊಂಡುದು ಯಾರದು? ಹಾಗೆ ನೋಡಿದರೆ ನಮ್ಮ ಮಲೆನಾಡಿನಲ್ಲಿ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಯ ಬಿಳುಪಿನಿಂದ, ಪುಂಡಿಯ ನಾರಿನ ಕುಂಚವನ್ನು ಹಿಡಿದು ಬರೆಯುವ ಹಸೆ ಚಿತ್ತಾರವಿದೆ. ಅದನ್ನೂ ನಾಳೆ ಯಾರಾದರೂ ಚೀಲದ ಮೇಲೆ ಅಚ್ಚುಹಾಕಿದರೆ ನಮ್ಮ ಮಕ್ಕಳು ನಕಲು ಮಾಡಿಯಾರು. ಮನೆಯ ಹೊಸ್ತಿಲಲ್ಲಿ ತಾಯಿ ನಸುಕಿನಲ್ಲಿ ಎರಡು ಚಿಟಿಕೆ ರಂಗೋಲಿಯಿಂದ ಎಳೆಯುವ ಐದು ಗೆರೆಗಳನ್ನು ಮಾತ್ರ ನೋಡಲಾರರು. ಆ ತಾಯಿಗೂ ಈಗ ಅಂಟಿಸುವ ರಂಗೋಲಿಯು ಹತ್ತು ರೂಪಾಯಿಗೆ ದೊರೆಯುತ್ತದೆ.

ಕೈಯಲ್ಲಿ ಆಗುವ ಕೆಲಸವೇನೆಂದು ಕೇಳುವವರಿಗೆ ಉತ್ತರವನ್ನು ಕೊಡಬೇಕು. ನಾವು ಬಲ್ಲ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿದಂತೆ ಮೊದಲು ಕಳೆದುಹೋಗುವುದು ಚಿತ್ರಕಲೆಯ ಶಿಕ್ಷಕರ ಜಾಗ. ಆಮೇಲೆ ಚಿತ್ರಕಲೆಯ ತಾಸು. ಹತ್ತನೆಯ ತರಗತಿ ಹತ್ತಿರ ಬಂದಂತೆ ಆ ತಾಸು ಗಣಿತಕ್ಕೆ ಹೋಗುತ್ತದೆ. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಸರಕಾರದ ಚಿತ್ರಕಲಾ ಪರೀಕ್ಷೆಗಳು ಇರುವುದರಿಂದ, ಮತ್ತು ಅವುಗಳಿಂದ ಶಾಲಾಂತ ಪರೀಕ್ಷೆಯಲ್ಲಿ ಹೆಚ್ಚಿನ ಅಂಕಗಳ ಅನುಕೂಲ ಇರುವುದರಿಂದ, ಅಷ್ಟಿಷ್ಟು ಅಭ್ಯಾಸ ಉಳಿದಿದೆ. ಆ ಪರೀಕ್ಷೆಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಕೈಗೆ ಹತೋಟಿ ಬರುವುದು ಅವುಗಳಿಂದಲೇ. ಹೆಬ್ಬಾರರಿಗೂ ಕಲಾಶಾಲೆಯ ಶಿಸ್ತಿಲ್ಲದಿದ್ದರೆ ಅದನ್ನು ಮೀರುವ ಮಾತೇ ಬರುತ್ತಿರಲಿಲ್ಲ. ಆದರೆ ನೆನಪಿನ ಚಿತ್ರವೆಂದು ಹೆಸರಿಟ್ಟು ಮಾರುಕಟ್ಟೆಯ ಪುಸ್ತಕದಿಂದ ಬಾಯಿಪಾಠ ಮಾಡಿಸುವುದನ್ನು ಶಿಕ್ಷಕರು ನಿಲ್ಲಿಸಬಹುದು. ಇದಕ್ಕೆ ಯಾವ ಇಲಾಖೆಯ ಅಪ್ಪಣೆಯೂ ಬೇಕಾಗಿಲ್ಲ.

ಇನ್ನು ನೋಡುವ ಮಾತು. ಕಾಳಾಘೋಡಾದಲ್ಲಿ 1952ರಿಂದ ಇರುವ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಪ್ರವೇಶಧನವಿಲ್ಲ. ಅದರ ಬಗಲಿಗೇ ವಸ್ತುಸಂಗ್ರಹಾಲಯವಿದೆ. ಹೆಬ್ಬಾರರು ಕಲಿತಂತಹ ಕಿರುಚಿತ್ರಗಳು ಅಲ್ಲಿವೆ. ಎದುರಿಗೆ ಸ್ವಲ್ಪ ದೂರದಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ಚರ್ಚ್‌ಗೇಟ್ ನಿಲ್ದಾಣದಿಂದ ನಡೆದೇ ಹೋಗಬಹುದು. ವರ್ಷಕ್ಕೊಮ್ಮೆ ನೀರಿನ ಉದ್ಯಾನಕ್ಕೆ ಮಕ್ಕಳನ್ನು ಕರೆದೊಯ್ಯುವ ಖರ್ಚಿನಲ್ಲಿ ಇಡೀ ಶಾಲೆಯು ಎರಡು ಸಲ ಇವನ್ನು ನೋಡಿ ಬರಬಹುದು. ಆದರೆ ಮಕ್ಕಳು ನೀರಿನ ಉದ್ಯಾನವನ್ನೇ ಕೇಳುವರೆಂಬುದನ್ನೂ ಒಪ್ಪಿಕೊಳ್ಳುತ್ತೇವೆ.

ಈ ವರ್ಷದ ದೀಪಾವಳಿಯ ರಜೆಯಲ್ಲಿ ನಮ್ಮ ಶಾಲೆಯ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಊರಿಗೆ ಹೋಗುವರು. ಉಳಿದವರು ಇಲ್ಲಿಯೇ ಇರುವರು. ಐದರಿಂದ ಒಂಬತ್ತನೆಯ ತರಗತಿಯ ಪ್ರತಿಯೊಬ್ಬರಿಗೂ ಎರಡೆರಡು ದಪ್ಪ ಹಾಳೆಗಳನ್ನು ಕೊಡಬೇಕೆಂದು ನಿಶ್ಚಯಿಸಿದ್ದೇವೆ. ಊರಿಗೆ ಹೋದವರು ಅಲ್ಲಿ ಕುಳಿತು ಮುಂಬಯಿಯ ಮನೆಯನ್ನು ಬರೆಯಬೇಕು. ಇಲ್ಲಿ ಉಳಿದವರು ತಾವು ಒಮ್ಮೆಯಾದರೂ ಕಂಡ ಊರಿನ ಮನೆಯನ್ನು, ಕಂಡಿಲ್ಲದವರು ಅಜ್ಜಿಯನ್ನು ಕೇಳಿ, ಬರೆಯಬೇಕು. ಎರಡನೆಯ ಹಾಳೆಯ ಮೇಲೆ ಕಣ್ಣೆದುರಿಗೆ ಇರುವುದನ್ನು ಬರೆಯಬೇಕು. ಚಿತ್ರದ ಕೆಳಗೆ, ಅದರಲ್ಲಿರುವ ವಸ್ತುಗಳ ಹೆಸರುಗಳನ್ನು ಮನೆಯಲ್ಲಿ ಹೇಗೆ ಹೇಳುವರೋ ಹಾಗೆಯೇ ಕನ್ನಡ ಲಿಪಿಯಲ್ಲಿ ಗುರುತಿಸಬೇಕು. ಮರಾಠಿಯ ಮಾತಾದರೂ ತುಳುವಿನ ಮಾತಾದರೂ ನಾವು ತಿದ್ದುವುದಿಲ್ಲ. ಗುಡ್ಡಗಳ ನಡುವಿನ ಸೂರ್ಯನನ್ನು, ನಿಜವಾಗಿ ಕಂಡವರು ಮಾತ್ರ, ಬರೆಯಬಹುದು. ಹಾಳೆಗಳನ್ನು ಶಾಲೆಯೇ ಕೊಡುವುದು. ಪಾಲಕರು ಮಕ್ಕಳಿಗೆ ಒಂದು ಪೆನ್ಸಿಲನ್ನೂ, ಗ್ಯಾಲರಿಯಲ್ಲಿ ಕುಳಿತುಕೊಳ್ಳಲು ಒಂದು ತಾಸಿನ ಬಿಡುವನ್ನೂ ಕೊಟ್ಟರೆ ಸಾಕು.